ಮಗ್ಗದ ಊರಿಗೊಂದು ಡಿಪಿಆರ್: ಅನುದಾನಕ್ಕೆ ಯೋಜನೆ ಬರೆಯೋದು ಹೇಗೆ?

ಪ್ರಾಜೆಕ್ಟ್ ರಿಪೋರ್ಟ್ ಅಂದ ಕೂಡಲೇ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೆನಪಾಗೋದು ಕೊನೆಯ ಸೆಮಿಸ್ಟರಿನ ದಪ್ಪ ಬೈಂಡಿಂಗ್, ಅದರ ಮೇಲಿನ ಚಿನ್ನದ ಬಣ್ಣದ ಅಕ್ಷರ, ಒಳಗೆ ಸೀನಿಯರ್‌ಗಳಿಂದ ಪರಂಪರಾಗತವಾಗಿ ಬಂದ ನಾಲ್ಕು ಅಧ್ಯಾಯ. ಕೈಗಾರಿಕೆಯ ಲೋಕದಲ್ಲಿ ಇನ್ನೊಂದು ಬಗೆಯ ರಿಪೋರ್ಟ್ ಇದೆ. ಅದಕ್ಕೆ ಡಿಪಿಆರ್ ಅಂತಾರೆ, ಅಂದರೆ ವಿಸ್ತೃತ ಯೋಜನಾ ವರದಿ. ಅದನ್ನು ಓದಿ ಸರ್ಕಾರ ಕೋಟಿಗಟ್ಟಲೆ ಹಣ ಕೊಡುತ್ತದೆ, ಇಲ್ಲವೇ ವಾಪಸ್ ಕಳಿಸುತ್ತದೆ. ನಮ್ಮಲ್ಲಿ ಹಲವರು ಮುಂದೆ ಕನ್ಸಲ್ಟೆಂಟ್‌ಗಳಾಗಿಯೋ, ಸರ್ಕಾರಿ ಇಂಜಿನಿಯರ್‌ಗಳಾಗಿಯೋ, ಮನೆಯ ಮಗ್ಗದ ವ್ಯವಹಾರ ನೋಡಿಕೊಳ್ಳುವವರಾಗಿಯೋ ಇದರ ಎದುರು ಕೂರಲೇಬೇಕು. ಹಾಗಾಗಿ ಹತ್ತಿರದ್ದೇ ಒಂದು ಊರನ್ನು ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ ಅಂತ ಹೊರಟಿದ್ದೇವೆ. ಊರು ದೊಡ್ಡಬಳ್ಳಾಪುರ.

ದೊಡ್ಡಬಳ್ಳಾಪುರ ಅಂದ್ರೆ ವಿದ್ಯುತ್ ಮಗ್ಗ. ಹಳೇ ಬೀದಿಗಳಲ್ಲಿ ನಡೆದರೆ ಮನೆಗಳ ಒಳಗಿಂದಲೇ ಮಗ್ಗದ ಸದ್ದು ಕೇಳುತ್ತದೆ. ಹೆಚ್ಚಿನವು ಎರಡು, ನಾಲ್ಕು, ಎಂಟು ಮಗ್ಗದ ಸಣ್ಣ ಘಟಕಗಳು. ಸೂರತ್‌ನಿಂದ ಬರುವ ಅಗ್ಗದ ಸೀರೆಯ ಜೊತೆ ಇವರು ಪೈಪೋಟಿ ಮಾಡಬೇಕು. ಬಣ್ಣ ಹಾಕುವ ಒಳ್ಳೆಯ ಯಂತ್ರ, ಡಿಸೈನ್ ಸೆಂಟರ್, ಪರೀಕ್ಷಾ ಲ್ಯಾಬ್ ಇವನ್ನೆಲ್ಲ ನಾಲ್ಕು ಮಗ್ಗದವರು ಒಬ್ಬರೇ ಹಾಕಿಕೊಳ್ಳೋದು ಆಗದ ಮಾತು. ಎಲ್ಲರೂ ಸೇರಿ ಒಂದನ್ನು ಹಾಕಿಕೊಂಡರೆ ಆದೀತು. ಸರ್ಕಾರದ ಮೂಲಸೌಕರ್ಯ ಅನುದಾನಗಳು ಹುಟ್ಟಿದ್ದೇ ಈ ಜಾಗದಲ್ಲಿ.

ಈ ಊರಿಗೆ ಇದು ಹೊಸದೇನಲ್ಲ. ಕೇಂದ್ರ ಜವಳಿ ಸಚಿವಾಲಯ 2005ರಲ್ಲಿ ಸಮಗ್ರ ಜವಳಿ ಪಾರ್ಕ್ ಯೋಜನೆ ಶುರು ಮಾಡಿತು. ಯೋಜನಾ ವೆಚ್ಚದ ಶೇ. 40ರಷ್ಟು, ಗರಿಷ್ಠ 40 ಕೋಟಿ ರೂ. ಅನುದಾನ. ಮಂಜೂರಾದ ಪಾರ್ಕ್‌ಗಳಲ್ಲಿ ದೊಡ್ಡಬಳ್ಳಾಪುರದ್ದೂ ಒಂದು. ಆ ಯೋಜನೆಯ ಒಂದು ನಿಯಮ ಗಮನಿಸುವಂಥದ್ದು: ಅನುದಾನದ ಲೆಕ್ಕಕ್ಕೆ ರಸ್ತೆ, ಚರಂಡಿ, ನೀರು, ವಿದ್ಯುತ್, ಕಟ್ಟಡ ಬರುತ್ತಿದ್ದವು, ಜಮೀನಿನ ಬೆಲೆ ಮತ್ತು ಉತ್ಪಾದನಾ ಯಂತ್ರಗಳು ಬರುತ್ತಿರಲಿಲ್ಲ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ ಸುತ್ತ ಜಮೀನಿನ ಬೆಲೆ ಎಲ್ಲಿಗೆ ಹೋಗಿದೆ ಅಂತ ಗೊತ್ತಿರುವವರಿಗೆ ಈ ಒಂದು ಸಾಲಿನ ತೂಕ ಅರ್ಥವಾಗುತ್ತದೆ. ಹೀಗಾಗಿ ಯಾವುದೇ ಯೋಜನೆಯ ಮಾರ್ಗಸೂಚಿ ಕೈಗೆ ಬಂದರೂ ಮೊದಲು ಓದಬೇಕಾದ್ದು 'ಎಷ್ಟು ಕೊಡ್ತಾರೆ' ಅನ್ನೋ ಪುಟವನ್ನಲ್ಲ, 'ಯಾವುದಕ್ಕೆ ಕೊಡಲ್ಲ' ಅನ್ನೋ ಪುಟವನ್ನ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳೋಣ. ಸರ್ಕಾರ ಕೊಡೋದೆಲ್ಲ ಅನುದಾನವಲ್ಲ. ದೇವನಹಳ್ಳಿಯ ಚಕ್ಕೋತ ಬೆಳೆಗಾರರು ಶೀತಲ ಗೃಹ ಕಟ್ಟಲು 2020ರ ಕೃಷಿ ಮೂಲಸೌಕರ್ಯ ನಿಧಿಗೆ ಹೋದರೆ ಸಿಗೋದು ಬ್ಯಾಂಕ್ ಸಾಲ, ಅದರಲ್ಲಿ 2 ಕೋಟಿ ರೂ.ವರೆಗೆ ವರ್ಷಕ್ಕೆ ಶೇ. 3ರ ಬಡ್ಡಿ ರಿಯಾಯಿತಿ. ಅಸಲು ಕಟ್ಟಲೇಬೇಕು. ಅನುದಾನದ ಡಿಪಿಆರ್ ಬೇರೆ, ಸಾಲದ ಡಿಪಿಆರ್ ಬೇರೆ.

ನಮ್ಮ ಉದಾಹರಣೆಗೆ ಹೊಂದೋದು ಕೇಂದ್ರ ಎಂಎಸ್ಎಂಇ ಸಚಿವಾಲಯದ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮ. 2022ರ ಮಾರ್ಗಸೂಚಿ ಪ್ರಕಾರ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ, ವೆಚ್ಚ 5ರಿಂದ 10 ಕೋಟಿ ಇದ್ದರೆ ಶೇ. 70, 10ರಿಂದ 30 ಕೋಟಿ ಇದ್ದರೆ ಶೇ. 60 ಕೇಂದ್ರದ ಅನುದಾನ. ಉಳಿದದ್ದನ್ನು ರಾಜ್ಯ ಸರ್ಕಾರ ಮತ್ತು ಫಲಾನುಭವಿಗಳ ಕಂಪನಿ ಸೇರಿ ತುಂಬಬೇಕು. ಈ ಕಂಪನಿಗೆ ಎಸ್‌ಪಿವಿ ಅಂತಾರೆ. ಅರ್ಜಿ ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ರಾಜ್ಯಕ್ಕೆ, ಅಲ್ಲಿಂದ ದೆಹಲಿಗೆ ಹೋಗುತ್ತದೆ.

ಈಗ ಲೆಕ್ಕಕ್ಕೆ ಕೂರೋಣ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾವು ಇಟ್ಟುಕೊಂಡವು, ಯಾವುದೇ ನಿಜವಾದ ಘಟಕದ್ದಲ್ಲ.

40 ಜನ ನೇಕಾರರು ಸೇರಿ ನೂಲಿಗೆ ಬಣ್ಣ ಹಾಕುವ ಕೇಂದ್ರ ಮಾಡಬೇಕು ಅಂತಿದ್ದಾರೆ. ವೆಚ್ಚ 8 ಕೋಟಿ. ಕೇಂದ್ರದ ಶೇ. 70 ಅಂದರೆ 5.6 ಕೋಟಿ. ಉಳಿದ 2.4 ಕೋಟಿಯನ್ನು ಪೂರ್ತಿ ಸದಸ್ಯರೇ ಹಾಕಬೇಕಾಗಿ ಬಂದರೆ ತಲಾ 6 ಲಕ್ಷ. ದಿನಕ್ಕೆ 500 ಕೆಜಿ ಸಾಮರ್ಥ್ಯ, ವರ್ಷಕ್ಕೆ 300 ದಿನ, ಅಂದ್ರೆ 1.5 ಲಕ್ಷ ಕೆಜಿ. ಕೆಜಿಗೆ 60 ರೂ. ಶುಲ್ಕ. ಸಂಬಳಕ್ಕೆ ವರ್ಷಕ್ಕೆ 26 ಲಕ್ಷ. ವಿಮೆ, ಕಾವಲು, ನಿರ್ವಹಣೆಗೆ 5 ಲಕ್ಷ. ಕೆಲಸ ಇರಲಿ ಬಿಡಲಿ ಈ 31 ಲಕ್ಷ ಖರ್ಚಾಗುತ್ತದೆ. ಇದರ ಮೇಲೆ ಬಣ್ಣ, ರಾಸಾಯನಿಕ, ಉರುವಲು, ಕರೆಂಟಿಗೆ ಕೆಜಿಗೆ 22 ರೂ., ಕೊಳೆನೀರು ಶುದ್ಧೀಕರಣಕ್ಕೆ 8 ರೂ. ಕೆಜಿಗೆ ಉಳಿಯೋದು 30 ರೂ. 31 ಲಕ್ಷವನ್ನು 30ರಿಂದ ಭಾಗಿಸಿದರೆ ಸುಮಾರು 1.03 ಲಕ್ಷ ಕೆಜಿ. ಅಂದರೆ ಸಾಮರ್ಥ್ಯದ ಶೇ. 69ರಷ್ಟು ಕೆಲಸ ಬಂದರೆ ಮಾತ್ರ ನಷ್ಟವಿಲ್ಲ. ಯಂತ್ರ ಸವೆಯುವ ಲೆಕ್ಕ ಇನ್ನೂ ಹಿಡಿದೇ ಇಲ್ಲ.

ಬಹಳಷ್ಟು ವರದಿಗಳು ಇಲ್ಲಿಗೆ ಬಂದು 'ಮೊದಲ ವರ್ಷ ಶೇ. 70, ಎರಡನೇ ವರ್ಷ ಶೇ. 80, ಮೂರನೇ ವರ್ಷ ಶೇ. 90' ಅಂತ ಎಕ್ಸೆಲ್‌ನಲ್ಲಿ ಎಳೆದು ಮುಗಿಸಿಬಿಡುತ್ತವೆ. ನಮಗೆ ಅನ್ನಿಸೋದು, ಇಡೀ ಡಿಪಿಆರ್‌ನ ಪ್ರಾಣ ಆ ಒಂದು ಸಾಲಿನಲ್ಲೇ ಇದೆ. ಆ ಶೇ. 70 ಎಲ್ಲಿಂದ ಬರುತ್ತೆ? ಒಂದು ಮಗ್ಗದಲ್ಲಿ ದಿನಕ್ಕೆ ಎರಡು ಸೀರೆ, ಸೀರೆಗೆ ಅರ್ಧ ಕೆಜಿ ನೂಲು ಅಂತ ಹಿಡಿದರೆ ನಾಲ್ಕು ಮಗ್ಗದ ಸದಸ್ಯರಿಂದ ದಿನಕ್ಕೆ 4 ಕೆಜಿ. 40 ಜನರಿಂದ 160 ಕೆಜಿ. ಅದು ಸಾಮರ್ಥ್ಯದ ಶೇ. 32 ಮಾತ್ರ! ಹಾಗೆ ನಡೆಸಿದರೆ ವರ್ಷಕ್ಕೆ 16.6 ಲಕ್ಷ ನಷ್ಟ. ಅನುದಾನ ಯಂತ್ರ ತಂದುಕೊಡುತ್ತೆ, ಅದನ್ನು ದಿನಾ ಓಡಿಸುವ ಖರ್ಚು ಕೊಡಲ್ಲ. ಬೀಗ ಬಿದ್ದ ಸಾಮಾನ್ಯ ಸೌಲಭ್ಯ ಕೇಂದ್ರಗಳ ಹಿಂದೆ ಸಾಮಾನ್ಯವಾಗಿ ಇಷ್ಟೇ ಸರಳವಾದ ಭಾಗಾಕಾರ ಇರುತ್ತದೆ.

ಪರಿಹಾರ ಏನು? ಘಟಕವನ್ನು ಚಿಕ್ಕದು ಮಾಡಬಹುದು, ಆದರೆ 5 ಕೋಟಿಗಿಂತ ಕೆಳಗಿಳಿದರೆ ಈ ಅನುದಾನದ ವ್ಯಾಪ್ತಿಯೇ ತಪ್ಪುತ್ತದೆ. ಹೊರಗಿನವರ ಕೆಲಸ ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ಅವರಿಂದ ಬರವಣಿಗೆಯಲ್ಲಿ ಒಪ್ಪಿಗೆ ಬೇಕು. ಸದಸ್ಯರನ್ನು ಹೆಚ್ಚಿಸಬಹುದು. ಮೇಲಿನ ಲೆಕ್ಕದಲ್ಲಿ 86 ಜನ ನಾಲ್ಕು ಮಗ್ಗದವರು ಸೇರಿದರೆ ಸಮಸಮ ಆಗುತ್ತದೆ, ತಲಾ ಪಾಲೂ 6 ಲಕ್ಷದಿಂದ 2.8 ಲಕ್ಷಕ್ಕೆ ಇಳಿಯುತ್ತದೆ. ನಮ್ಮ ಮತ ಈ ಮೂರನೆಯದಕ್ಕೇ. ಸಣ್ಣ ನೇಕಾರರಿಗೆ ಬಾಗಿಲು ತೆರೆಯೋದು ಇಲ್ಲಿ ದಾನಧರ್ಮದ ಮಾತಲ್ಲ, ಯಂತ್ರಕ್ಕೆ ಹೊಟ್ಟೆ ತುಂಬಿಸುವ ಮಾತು. ನಾಲ್ಕಾರು ದೊಡ್ಡವರೇ ಕೂತು ಕಂಪನಿ ಮಾಡಿಕೊಂಡು ಮಿಕ್ಕವರ ಸಹಿ ಹಾಕಿಸಿಕೊಳ್ಳೋದನ್ನು ತಡೆಯಲೆಂದೇ ಒಬ್ಬರಿಗೆ ಶೇ. 10ಕ್ಕಿಂತ ಹೆಚ್ಚು ಷೇರು ಇರಬಾರದು ಎಂಬ ನಿಯಮವೂ ಈ ಕಾರ್ಯಕ್ರಮದಲ್ಲಿ ಬಂದಿದೆ.

ಹಾಗಾಗಿ ವರದಿ ಬರೆಯುವ ಮೊದಲು ಸಮೀಕ್ಷೆ. ಸರ್ಕಾರವೂ ಡಿಪಿಆರ್‌ಗಿಂತ ಮುಂಚೆ ಕ್ಲಸ್ಟರಿನ ಅಧ್ಯಯನ ವರದಿ ಕೇಳುತ್ತದೆ. ಮನೆಮನೆಗೆ ಹೋಗಿ 'ಕೇಂದ್ರ ಬಂದರೆ ಬಳಸ್ತೀರಾ?' ಅಂತ ಕೇಳಿದರೆ ಎಲ್ಲರೂ 'ಓಹೋ, ಬಳಸ್ತೀವಿ' ಅಂತಲೇ ಹೇಳ್ತಾರೆ. ಆ ಉತ್ತರದಿಂದ ಪ್ರಯೋಜನವಿಲ್ಲ. ಕೇಳಬೇಕಾದ್ದು ಬೇರೆ: ಹೋದ ತಿಂಗಳು ಎಷ್ಟು ಕೆಜಿಗೆ ಬಣ್ಣ ಹಾಕಿಸಿದಿರಿ, ಎಲ್ಲಿ, ಎಷ್ಟು ಕೊಟ್ಟಿರಿ, ಎಷ್ಟು ದಿನಕ್ಕೆ ಬಂತು, ಬಿಲ್ ಇದೆಯಾ? ಮುಖ್ಯವಾಗಿ, ನೂಲು ಯಾರದ್ದು? ಕೂಲಿ ನೇಯ್ಗೆ ಮಾಡುವ ಮನೆಗೆ ನೂಲು ಬಣ್ಣ ಆಗಿಯೇ ಬರುತ್ತದೆ. ಬಣ್ಣ ಎಲ್ಲಿ ಹಾಕಿಸಬೇಕು ಅನ್ನೋದು ನೂಲು ಕೊಟ್ಟ ಮಾಲೀಕರ ತೀರ್ಮಾನ. ಅಂಥವರನ್ನು ಗ್ರಾಹಕರ ಪಟ್ಟಿಗೆ ಸೇರಿಸಿದರೆ ಲೆಕ್ಕ ಕಾಗದದ ಮೇಲೆ ಮಾತ್ರ ಸರಿ.

ಕಾಗದ ಪತ್ರಗಳ ಬಗ್ಗೆ ಉದ್ದ ಹೇಳಲ್ಲ. ಕಂಪನಿ ನೋಂದಣಿ, ಜಮೀನಿನ ಕ್ರಯ ಇಲ್ಲವೇ ದೀರ್ಘಾವಧಿ ಗುತ್ತಿಗೆ ಪತ್ರ, ಯಂತ್ರಗಳ ಕೊಟೇಶನ್, ಕಟ್ಟಡದ ಅಂದಾಜು, ಬ್ಯಾಂಕಿನ ಒಪ್ಪಿಗೆ, ಬೆಸ್ಕಾಂನಿಂದ ವಿದ್ಯುತ್. ಕಡತ ಹೆಚ್ಚಾಗಿ ನಿಲ್ಲೋದು ಜಮೀನಿನ ಹಂತದಲ್ಲಿ, ಅದನ್ನು ಮೊದಲು ಹಿಡಿಯಬೇಕು.

ಕೊನೆಯದಾಗಿ ನೀರು. ಅನೇಕರು ಇದನ್ನು ಅನುಬಂಧಕ್ಕೆ ತಳ್ಳುತ್ತಾರೆ. ನಾವು ದೊಡ್ಡಬಳ್ಳಾಪುರದಲ್ಲಿ ಇದನ್ನು ಎರಡನೇ ಅಧ್ಯಾಯ ಮಾಡುತ್ತಿದ್ದೆವು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯ ಪಾತ್ರ ಇದು, ಆದರೆ ವರ್ಷಪೂರ್ತಿ ಹರಿಯುವ ನೀರಿಲ್ಲ. ತಾಲ್ಲೂಕಿನ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿದೆ. ಕೈಗಾರಿಕಾ ಪ್ರದೇಶದ ಮತ್ತು ನಗರದ ಕೊಳೆನೀರಿನಿಂದ ಕೆರೆ ಕೆಟ್ಟಿದ್ದಕ್ಕೆ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯ್ತಿಗಳ ಜನ ಹೋರಾಟ ಮಾಡುತ್ತಾ ಬಂದಿದ್ದಾರೆ. ಅಂಥ ಕಡೆ ಇನ್ನೊಂದು ಬಣ್ಣದ ಘಟಕ ಅಂದರೆ ಜನ ಸುಮ್ಮನಿರಲ್ಲ, ಸುಮ್ಮನಿರಲೂಬಾರದು. ಕೆಜಿ ನೂಲಿಗೆ 80 ಲೀಟರ್ ಹಿಡಿದರೆ 500 ಕೆಜಿಗೆ ದಿನಕ್ಕೆ 40,000 ಲೀಟರ್. ಅದು ಎಲ್ಲಿಂದ ಬರುತ್ತೆ, ಎಷ್ಟು ಮರುಬಳಕೆ ಆಗುತ್ತೆ, ಉಳಿದದ್ದು ಎಲ್ಲಿಗೆ ಹೋಗುತ್ತೆ ಅಂತ ಚಿತ್ರ ಸಮೇತ ಬರೆಯಬೇಕು. ಶುದ್ಧೀಕರಣದಲ್ಲಿ ಉಳಿಯುವ ಕೆಸರಿಗೂ ದಾರಿ ತೋರಿಸಬೇಕು. ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಘಟಕ ನಮ್ಮದೇ ಜಿಲ್ಲೆಯ ದಾಬಸ್‌ಪೇಟೆಯಲ್ಲಿದೆ. ಅಲ್ಲಿಗೆ ಸಾಗಿಸುವ ಬಾಡಿಗೆ, ಅಲ್ಲಿನ ಶುಲ್ಕ ಎರಡೂ ಖರ್ಚಿನ ಪಟ್ಟಿಯಲ್ಲಿ ಇರಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಟ್ಟುವ ಮೊದಲೊಂದು ಸಮ್ಮತಿ, ಓಡಿಸುವ ಮೊದಲೊಂದು ಸಮ್ಮತಿ ಬೇಕು. ಕೆಮಿಕಲ್, ಸಿವಿಲ್ ಓದುತ್ತಿರುವ ಗೆಳೆಯರೇ, ನಾವು ಮೇಲೆ ಕೆಜಿಗೆ 8 ರೂ. ಅಂತ ಬರೆದುಬಿಟ್ಟೆವಲ್ಲ, ಅದು 15 ರೂ. ಆದರೆ ಎಷ್ಟು ಸದಸ್ಯರು ಬೇಕಾಗುತ್ತಾರೆ ಅಂತ ಒಮ್ಮೆ ನೀವೇ ಲೆಕ್ಕ ಹಾಕಿ ನೋಡಿ.