ಒಂದು ಆನೆಗೆ ನೂರು ಜನ

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಹೋಗುವ ದಾರಿ ನನಗೆ ಚಿಕ್ಕಂದಿನಿಂದ ಪರಿಚಯ. ಚೆನ್ನಕೇಶವನ ಗುಡಿಯ ಬುಡದಲ್ಲಿ ಸಾಲುಗಟ್ಟಿದ ಆನೆಗಳನ್ನು ಎಣಿಸುತ್ತಾ ಸುತ್ತುವುದು ನಮ್ಮ ಕಡೆಯ ಮಕ್ಕಳ ಆಟ. ಗೈಡುಗಳು ಹೇಳುವ ಲೆಕ್ಕ 644. ಒಂದರ ಹಾಗೆ ಇನ್ನೊಂದಿಲ್ಲ ಎಂದು ಜೊತೆಗೇ ಸೇರಿಸುತ್ತಾರೆ. ಈಚೆಗೆ ನಾನು ಆ ಆನೆಗಳನ್ನು ಅಳತೆಗೋಲು ಮಾಡಿಕೊಂಡಿದ್ದೇನೆ. ವೈದ್ಯಕೀಯ ಸಂಶೋಧನೆಯ ಲೇಖನಗಳಲ್ಲಿ ದೊಡ್ಡ ಸಂಖ್ಯೆ ಕಂಡರೆ, ಅದು ಮನಸ್ಸಿಗೆ ಇಳಿಯಲಿ ಎಂದು, ಒಂದೊಂದು ಆನೆಗೆ ನೂರು ಜನರಂತೆ ಹಂಚಿ ನೋಡುತ್ತೇನೆ.

ಮೊದಲು ಹಂಚಿದ್ದು 65,000. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಇದ್ದವರು ಸುಮಾರು ಅಷ್ಟು ಜನ. ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಸುತ್ತಿನ ಸಮೀಕ್ಷೆ. ಚರ್ಮಕ್ಕೆ ಟ್ಯೂಬರ್‌ಕ್ಯುಲಿನ್ ಸೂಜಿ, ಎದೆಯ ಎಕ್ಸ್‌ರೇ, ಕಫದ ಪರೀಕ್ಷೆ. ಆನೆಗೆ ನೂರರಂತೆ ನಿಲ್ಲಿಸಿದರೆ ಬೇಲೂರಿನ ಗುಡಿಯ ಸುತ್ತು ಪೂರ್ತಿ ತುಂಬಿ ಇನ್ನೂ ಆರುನೂರು ಜನ ಹೊರಗೆ ಉಳಿಯುತ್ತಾರೆ.

ಇಷ್ಟು ಜನರ ನಡುವೆ ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಕಂಡದ್ದು 126 ಜನರಲ್ಲಿ. ಐದು ವರ್ಷ ಕಳೆದ ಮೇಲೆ ಅವರ ಗತಿ ಏನಾಯಿತು ಎಂಬುದನ್ನು 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ ಅಚ್ಚು ಹಾಕಿತು. ಶೇಕಡಾ 49.2 ಮರಣ, ಶೇಕಡಾ 32.5 ಗುಣ, ಶೇಕಡಾ 18.3 ಇನ್ನೂ ಬ್ಯಾಕ್ಟೀರಿಯಾ ಕೆಮ್ಮುತ್ತಿದ್ದವರು. ಶೇಕಡಾವಾರನ್ನು ಬಿಡಿಸಿ ನೋಡಿ: 62, 41, 23. ಶೇಕಡಾ 49.2 ಸಾಯುವುದಿಲ್ಲ, 62 ಜನ ಸಾಯುತ್ತಾರೆ, 62 ಮನೆಗಳಲ್ಲಿ ಹನ್ನೊಂದನೆಯ ದಿನದ ಕರ್ಮ ನಡೆಯುತ್ತದೆ.

ಆ ಹಳ್ಳಿಗಳಲ್ಲಿ ಕ್ಷಯದ ಚಿಕಿತ್ಸೆ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಮದ್ದಿಲ್ಲದೆ ಬಿಟ್ಟರೆ ಕ್ಷಯ ಏನು ಮಾಡುತ್ತದೆ ಎಂದು ಹೇಳಲು ಜಗತ್ತಿನ ತಜ್ಞರು ಇವತ್ತಿಗೂ ಬೆಂಗಳೂರಿನ ಈ ಅಂಕಿಗಳನ್ನು ಎತ್ತಿಕೊಳ್ಳುವುದು ಅದಕ್ಕೇ. ಐಸೋನಿಯಜಿಡ್ ಎಂಬ ಅಗ್ಗದ ಮಾತ್ರೆ 1952ರಲ್ಲೇ ಬಂದಿತ್ತು ಎಂಬುದನ್ನು ಈ ಅಂಕಿಗಳ ಪಕ್ಕ ಇಟ್ಟಾಗ ನನಗೆ ಎದೆ ಹಿಂಡಿದಂತಾಗುತ್ತದೆ. ಸಂಶೋಧಕರನ್ನು ಕಟುಕರೆನ್ನುವ ಮನಸ್ಸು ನನಗಿಲ್ಲ. ಅವರ ಸಂಸ್ಥೆ ಹಳ್ಳಿ ಹಳ್ಳಿ ಅಲೆದು ಕಲೆಹಾಕಿದ ತಿಳಿವಿನ ಮೇಲೆಯೇ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿತು. ಆದರೆ ಇಂಥ ಕೆಲಸಕ್ಕೆ ಮೊದಲು ಹೊರಗಿನ ನಾಲ್ಕು ಜನ ಕೂತು, ರೋಗ ಪತ್ತೆಯಾದವರಿಗೆ ಏನು ಮಾಡುತ್ತೀರಿ ಎಂದು ಕೇಳಬೇಕೆಂಬ ನಿಯಮವೇ ಆಗ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮನುಷ್ಯರ ಮೇಲಿನ ಸಂಶೋಧನೆಯ ನೀತಿಯನ್ನು ಮೊದಲು ಪ್ರಕಟಿಸಿದ್ದು 1980ರಲ್ಲಿ.

ಜಗತ್ತಿನ ನಿಯತಕಾಲಿಕಗಳೂ ಕೇಳುತ್ತಿರಲಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 399 ಕಪ್ಪು ಗಂಡಸರ ಸಿಫಿಲಿಸ್ ಕಾಯಿಲೆಯನ್ನು, ಪೆನಿಸಿಲಿನ್ ಬಂದ ಮೇಲೂ ಕೊಡದೆ, 1932ರಿಂದ 1972ರವರೆಗೆ ವೈದ್ಯರು ಸುಮ್ಮನೆ ನೋಡುತ್ತಾ ಕೂತರು. ಇದು ಗುಟ್ಟಾಗಿ ನಡೆದದ್ದಲ್ಲ. 1936ರಿಂದಲೇ ಅದರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಒಂದರ ಹಿಂದೊಂದು ಬರುತ್ತಿದ್ದವು. ಹೆನ್ರಿ ಬೀಚರ್ ಎಂಬ ವೈದ್ಯರು 1966ರಲ್ಲಿ, ಒಳ್ಳೆಯ ಪತ್ರಿಕೆಗಳಲ್ಲೇ ಬಂದಿದ್ದ 22 ಅನೈತಿಕ ಪ್ರಯೋಗಗಳನ್ನು ಪಟ್ಟಿ ಮಾಡಿ ತೋರಿಸಿದರು. ಅವರು ಮೊದಲು ಕೂಡಿಹಾಕಿದ್ದ 50 ಅಧ್ಯಯನಗಳಲ್ಲಿ ಒಪ್ಪಿಗೆಯ ಮಾತು ಇದ್ದದ್ದು ಎರಡರಲ್ಲಿ ಮಾತ್ರ. ಕೊನೆಗೆ 1975ರಲ್ಲಿ, ಟೋಕಿಯೋದಲ್ಲಿ ಪರಿಷ್ಕರಿಸಿದ ಹೆಲ್ಸಿಂಕಿ ಘೋಷಣೆ, ನೀತಿ ಮೀರಿದ ಪ್ರಯೋಗಗಳ ವರದಿಯನ್ನು ಪ್ರಕಟಣೆಗೆ ಒಪ್ಪಿಕೊಳ್ಳಬಾರದು ಎಂದು ಬರೆಯಿತು. ನಮ್ಮ 119 ಹಳ್ಳಿಗಳ ಲೇಖನ ಅಚ್ಚಾಗಿ ಒಂದು ವರ್ಷಕ್ಕೆ.

ಬೇಲೂರಿನಲ್ಲಿ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಮಾಡಿದ ಬೊಂಬೆಯ ಕೆಳಗೆ ತಮ್ಮ ಹೆಸರು ಕೊರೆದು ಹೋದರು. ಒಂಬೈನೂರು ವರ್ಷದ ಮೇಲೂ ಅವರು ಯಾರೆಂದು ಗೊತ್ತು. ಸಂಶೋಧನೆಗೆ ಮೈ ಕೊಟ್ಟವರ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ, ಬರಲೂಬಾರದು. ಗೋಪ್ಯ ಕಾಯುವುದು ಅವರ ಹಕ್ಕು. ಹಾಗಾಗಿ ಅವರನ್ನು ಕೇಳಿದ್ದೆವು ಎನ್ನುವುದಕ್ಕೆ ಓದುಗನ ಕೈಗೆ ಸಿಗುವ ಆಧಾರ ಲೇಖನದ ಒಂದೇ ಸಾಲು: ನೀತಿ ಸಮಿತಿಯ ಅನುಮತಿ ಇದೆ, ಭಾಗವಹಿಸಿದವರ ಒಪ್ಪಿಗೆ ಪಡೆಯಲಾಗಿದೆ. ಆ ಸಾಲಿನ ಮೇಲೆ ಎಷ್ಟು ಭಾರ ಕೂತಿದೆ ನೋಡಿ.

ಕಲಬುರಗಿ, ಬೀದರ್ ಗಡಿಗೆ ತಾಗಿದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ಪತ್ತೆಯ ಅಧ್ಯಯನವೊಂದು 1999ರಲ್ಲಿ ಶುರುವಾಯಿತು. ಅದರಲ್ಲಿ 1,31,746 ಹೆಂಗಸರು. 2011ರ ಜನಗಣತಿಯಲ್ಲಿ ಇಡೀ ಹಾಸನ ನಗರದ ಜನ ಸೇರಿದರೆ ಸರಿಸುಮಾರು ಇಷ್ಟೇ. ಆನೆಯೊಂದಕ್ಕೆ ಇನ್ನೂರು ದಾಟುತ್ತದೆ. ಅವರಲ್ಲಿ 31,488 ಹೆಂಗಸರ ಗುಂಪಿಗೆ ತಪಾಸಣೆ ಇರಲಿಲ್ಲ. ಆ ಸೀಮೆಯಲ್ಲಿ ಆಗ ರೂಢಿಯಲ್ಲಿದ್ದ ವೈದ್ಯಕೀಯವೇ ಅವರ ಪಾಲಿಗೆ. ಎಚ್‌ಪಿವಿ ಎಂಬ, ಈ ಕ್ಯಾನ್ಸರ್ ತರುವ ವೈರಸ್ಸಿನ ಪರೀಕ್ಷೆಯಾದ 34,126 ಹೆಂಗಸರಲ್ಲಿ ಆ ಕ್ಯಾನ್ಸರಿನಿಂದ ಸತ್ತವರು 34, ತಪಾಸಣೆ ಇಲ್ಲದ ಗುಂಪಿನಲ್ಲಿ 64. ಒಂದೇ ಒಂದು ಪರೀಕ್ಷೆಯಿಂದ ಸಾವು ಅರ್ಧಕ್ಕೆ ಇಳಿಯುತ್ತದೆಂದು 2009ರಲ್ಲಿ ಜಗತ್ತಿಗೆ ತಿಳಿಯಿತು. ಈ ತಿಳಿವು ಎಷ್ಟೋ ದೇಶಗಳ ಹೆಂಗಸರಿಗೆ ಉಪಕಾರ ಮಾಡಿದೆ. ಇಂಥವೇ ಮುಂಬೈ, ದಿಂಡಿಗಲ್ ಅಧ್ಯಯನಗಳನ್ನೂ ಸೇರಿಸಿದರೆ ತಪಾಸಣೆ ಸಿಗದವರು 1,38,624, ಅವರಲ್ಲಿ ಸತ್ತವರು 254. ಗರ್ಭಕೊರಳಿನ ಜೀವಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆಯ ಗುಣ ಮೊದಲೇ ಗೊತ್ತಿದ್ದಾಗ ಹೀಗೆ ಬಿಡಬಹುದಿತ್ತೇ ಎಂದು ಆಮೇಲೆ ದೊಡ್ಡ ವಾದವಾಯಿತು. ನನ್ನ ಮಟ್ಟಿಗೆ, ಬಿಡಬಾರದಿತ್ತು. ಇವೆಲ್ಲ ನೀತಿ ಸಮಿತಿಗಳು ಅನುಮತಿ ಕೊಟ್ಟ ಅಧ್ಯಯನಗಳೇ.

ಹಾಗಾದರೆ ಈ ಸಮಿತಿ ಎಂದರೆ ಎಷ್ಟು ಜನ? 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಕನಿಷ್ಠ ಏಳು. ಅವರಲ್ಲಿ ಕಾನೂನು ತಿಳಿದವರೊಬ್ಬರು, ವೈದ್ಯರೂ ವಕೀಲರೂ ಅಲ್ಲದ ಸಾಮಾನ್ಯರೊಬ್ಬರು ಇರಲೇಬೇಕು; ಅರ್ಧದಷ್ಟು ಜನ ಸಂಸ್ಥೆಯ ಹೊರಗಿನವರಾಗಿರಬೇಕು. ಓದು ಬಾರದವರ ಒಪ್ಪಿಗೆಗೆ ಪಕ್ಷಪಾತವಿಲ್ಲದ ಸಾಕ್ಷಿ ಬೇಕು. ಹೊಯ್ಸಳರ ಕಾಲದ ದಾನಶಾಸನಗಳಲ್ಲೂ ಸಾಕ್ಷಿಗಳಿರುತ್ತಿದ್ದರು, ನೆಲಕ್ಕೆ. ಪ್ರಯೋಗದಿಂದ ಜೀವ ಹೋದರೆ ಪರಿಹಾರಕ್ಕೂ ಒಂದು ಸೂತ್ರವಿದೆ: 8 ಲಕ್ಷವನ್ನು ವಯಸ್ಸಿನ ಅಂಶದಿಂದ, ಅಪಾಯದ ಅಂಶದಿಂದ ಗುಣಿಸಿ 99.37ರಿಂದ ಭಾಗಿಸಬೇಕು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಅತಿ ಕಡಿಮೆ 4 ಲಕ್ಷ, ಅತಿ ಹೆಚ್ಚು 73.60 ಲಕ್ಷ. ಆ ದಶಾಂಶವನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದೆ.

ನಿಯಮಗಳಿದ್ದರೂ ಲೇಖನದ ಸಾಲನ್ನು ಹಾಗೆಯೇ ನಂಬುವಂತಿಲ್ಲ; ಇಲ್ಲದ ರೋಗಿಗಳನ್ನು ಹುಟ್ಟಿಸುವ ಲೇಖನಗಳೂ ಇವೆ. ಜಾನ್ ಕಾರ್ಲೈಲ್ ಎಂಬ ಬ್ರಿಟಿಷ್ ಅರಿವಳಿಕೆ ತಜ್ಞರು ತಮ್ಮ ಪತ್ರಿಕೆಗೆ ಬಂದ 526 ಪ್ರಯೋಗಗಳನ್ನು ಜಾಲಾಡಿದರು. 73ರಲ್ಲಿ ಸುಳ್ಳು ಅಂಕಿ. ಪ್ರತಿ ರೋಗಿಯ ಮೂಲ ಅಂಕಿಗಳು ಕೈಗೆ ಸಿಕ್ಕ 153ನ್ನು ಮಾತ್ರ ನೋಡಿದಾಗ ಸುಳ್ಳಿನ ಪಾಲು ಶೇಕಡಾ 44ಕ್ಕೆ ಏರಿತು. ಮೂಲ ಕಾಗದ ಕೇಳುವ ಸಂಪಾದಕನಿಗೂ ಕೇಳದ ಸಂಪಾದಕನಿಗೂ ಇರುವ ಅಂತರ ಇದು.

ಒಪ್ಪಿಗೆಯ ಮೂಲ ಕಾಗದ ಕೇಳಿದಾಗ ಏನು ಸಿಗುತ್ತದೆ ಎಂಬುದು ಖಮ್ಮಂನಲ್ಲಿ ಗೊತ್ತಾಯಿತು. 2009ರಲ್ಲಿ ಆಗಿನ ಆಂಧ್ರದ ಆ ಜಿಲ್ಲೆಯಲ್ಲಿ 14,091 ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುವ ಅಧ್ಯಯನ ನಡೆಯಿತು. ಕೆಲವು ಹುಡುಗಿಯರು ತೀರಿಕೊಂಡರು. ಅದಕ್ಕೂ ಲಸಿಕೆಗೂ ಸಂಬಂಧವಿಲ್ಲವೆಂದು ತನಿಖೆ ಹೇಳಿತು. ಒಪ್ಪಿಗೆ ಪತ್ರಗಳ ಬಗ್ಗೆ ಹಾಗೆ ಹೇಳಲಾಗಲಿಲ್ಲ. 2013ರ ಸಂಸದೀಯ ಸಮಿತಿಯ ವರದಿಯಂತೆ, ಪರಿಶೀಲಿಸಿದ 9,543 ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟು, 2,763ರಲ್ಲಿ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್ನರ ಸಹಿ.

ಮೊನ್ನೆ ಬೇಲೂರಿಗೆ ಹೋದಾಗ ಆ 2,763ನ್ನು ಹಂಚುತ್ತಾ ನಡೆದೆ. ಆನೆಗೆ ನೂರರಂತೆ ಇಪ್ಪತ್ತೇಳು ಆನೆ, ಇನ್ನೂ ಅರವತ್ತಮೂರು ಹುಡುಗಿಯರು. ಇಪ್ಪತ್ತೆಂಟನೆಯ ಆನೆಯ ಮುಂದೆ ನಿಂತು ಹಿಂತಿರುಗಿ ನೋಡಿದರೆ ಎಣಿಕೆ ಶುರುಮಾಡಿದ ಮೊದಲನೆಯ ಆನೆ ಗೋಡೆಯ ಮೂಲೆಯಾಚೆ ಮರೆಯಾಗಿತ್ತು.