ಸ್ಟೀಲ್ ರಿಮ್ ಬಿಚ್ಚಿ ಅಲಾಯ್ ಹಾಕಿಸುವ ಮುನ್ನ

2020ರಲ್ಲಿ ಬಂದ ಮಹೀಂದ್ರ ಥಾರ್‌ನ ಎಎಕ್ಸ್ ಮಾದರಿಗೆ 16 ಇಂಚಿನ ಸ್ಟೀಲ್ ರಿಮ್, ಹೆಚ್ಚು ಬೆಲೆಯ ಎಲ್‌ಎಕ್ಸ್‌ಗೆ 18 ಇಂಚಿನ ಅಲಾಯ್. ಹೀಗಾಗಿ ಸ್ಟೀಲ್ ಎಂದರೆ ಬಡವರದು, ಅಲಾಯ್ ಎಂದರೆ ಮೇಲ್ದರ್ಜೆಯದು ಎಂಬ ಭಾವನೆ ಬೇರೂರಿದೆ. ಹೆದ್ದಾರಿಯಲ್ಲೇ ಹೆಚ್ಚು ಓಡುವ ಗಾಡಿಗೆ ಅಲಾಯ್ ಇರಲಿ, ತಕರಾರಿಲ್ಲ. ಆದರೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಕಲ್ಲು, ಕೊರಕಲು ಹತ್ತಿಳಿಯುವ ಗಾಡಿಗೆ ಸ್ಟೀಲೇ ಸರಿ.

ಕಲ್ಲಿಗೆ ಜೋರಾಗಿ ಬಡಿದರೆ ಸ್ಟೀಲ್ ರಿಮ್ ಬಗ್ಗುತ್ತದೆ. ಅಂಚು ಒಳಕ್ಕೆ ಮಡಚಿ ಟ್ಯೂಬ್‌ಲೆಸ್ ಟಯರಿನ ಗಾಳಿ ಸೋರಲೂಬಹುದು. ಆದರೂ ಸುತ್ತಿಗೆಯಿಂದ ಬಡಿದು ಅಂಚನ್ನು ಒಂದು ಹದಕ್ಕೆ ತಂದು, ಗಾಳಿ ತುಂಬಿ, ನಿಧಾನವಾಗಿ ಊರು ಸೇರಬಹುದು. ಎರಕದ ಅಲಾಯ್ ಅಷ್ಟು ಬಗ್ಗುವುದಿಲ್ಲ. ಪೆಟ್ಟು ಮಿತಿ ಮೀರಿದರೆ ಬಿರುಕು ಬಿಡುತ್ತದೆ. ಬಿರುಕಿಗೆ ವೆಲ್ಡಿಂಗ್ ಮಾಡಿಸಿದರೆ ಆ ಶಾಖಕ್ಕೆ ಸುತ್ತಲಿನ ಲೋಹವೇ ದುರ್ಬಲವಾಗುತ್ತದೆ, ಅದನ್ನು ನಂಬಿ ಘಾಟಿ ಇಳಿಯಬಾರದು. ಅಲಾಯ್ ಹಗುರ, ಸಸ್ಪೆನ್ಶನ್‌ಗೆ ಒಳ್ಳೆಯದು ಎನ್ನುವ ವಾದ ಸುಳ್ಳಲ್ಲ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನದರ ಸುಮಾರು ಮೂರನೇ ಒಂದು ಭಾಗ. ಆದರೆ ಅಷ್ಟೇ ಬಲ ಬರಬೇಕಾದರೆ ಎರಕ ದಪ್ಪ ಇರಬೇಕು, ರಿಮ್ ದೊಡ್ಡದಾದರೆ ತೂಕ ಇನ್ನೂ ಏರುತ್ತದೆ. ಕೊಳ್ಳುವ ಮುನ್ನ ಹಳೆಯದನ್ನೂ ಹೊಸದನ್ನೂ ತೂಕಕ್ಕೆ ಹಾಕಿ ನೋಡಿ. ಫೋರ್ಜ್ ಮಾಡಿದ ಅಲಾಯ್ ಹಗುರವೂ ಹೌದು, ಗಟ್ಟಿಯೂ ಹೌದು. ಬೆಲೆ ಮಾತ್ರ ಎಲ್ಲರ ಕೈಗೆಟುಕುವುದಿಲ್ಲ.

ಲೋಹಕ್ಕಿಂತ ದೊಡ್ಡ ಪ್ರಶ್ನೆ ಇಂಚಿನದು. ಎಎಕ್ಸ್‌ನ ಟಯರ್ 245/75 ಆರ್16. ಅದರ ಪಕ್ಕದ ಗೋಡೆಯ ಎತ್ತರ ಸುಮಾರು 184 ಮಿ.ಮೀ. ಎಲ್‌ಎಕ್ಸ್‌ನ 255/65 ಆರ್18ರಲ್ಲಿ ಅದು 166 ಮಿ.ಮೀ. ಕೆಸರು, ಮರಳು, ಕಲ್ಲಿನ ದಾರಿಯಲ್ಲಿ ಗಾಳಿ ಇಳಿಸಿ ಓಡಿಸುವುದು ಟಯರ್ ಅಗಲವಾಗಿ ಹರಡಿ ನೆಲ ಹಿಡಿಯಲೆಂದು. ರಿಮ್ಮಿಗೂ ಕಲ್ಲಿಗೂ ನಡುವೆ ಇರುವುದು ಆ ರಬ್ಬರ್ ಗೋಡೆಯೊಂದೇ. ಅದರಲ್ಲಿ 18 ಮಿ.ಮೀ. ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಅಲಾಯ್ ಬೇಕೇ ಬೇಕೆಂದರೆ 16 ಇಂಚಿನದನ್ನೇ ಹುಡುಕಿ. ಮಾರುತಿ ಜಿಮ್ನಿಯ ಝೀಟಾದಲ್ಲಿ ಸ್ಟೀಲ್, ಆಲ್ಫಾದಲ್ಲಿ ಅಲಾಯ್. ಎರಡಕ್ಕೂ 195/80 ಆರ್15 ಟಯರೇ. ಅಲಾಯ್ ಆಯಿತೆಂದು ಇಂಚು ಏರಬೇಕಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ಬೋಲ್ಟ್ ತೂತುಗಳು ಕೂತರೆ ಸಾಲದು. ರಿಮ್‌ನ ಆಫ್‌ಸೆಟ್ ಕಡಿಮೆಯಾದರೆ ಚಕ್ರ ಹೊರಚಾಚಿ ಬೇರಿಂಗ್ ಮೇಲೆ ಹೊರೆ ಹೆಚ್ಚುತ್ತದೆ. ಸ್ಟೀಲ್ ರಿಮ್ಮಿನ ನಟ್ ಅಲಾಯ್‌ಗೆ ಸರಿಯಾಗಿ ಕೂರದೆಯೂ ಇರಬಹುದು, ಆದ್ದರಿಂದ ಆ ರಿಮ್‌ಗೆ ಹೇಳಿದ ನಟ್ಟನ್ನೇ ಹಾಕಿಸಿ, ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಟಾರ್ಕ್ ನೋಡಿಸಿ. ಹಳೆಯ ಸ್ಟೀಲ್ ಚಕ್ರವನ್ನು ಸ್ಟೆಪ್ನಿಯಾಗಿ ಇಟ್ಟುಕೊಳ್ಳುವುದಾದರೆ ಅದರ ನಟ್‌ಗಳೂ ಗಾಡಿಯಲ್ಲಿರಲಿ, ಟಯರಿನ ಒಟ್ಟು ಎತ್ತರವೂ ಉಳಿದ ನಾಲ್ಕರಷ್ಟೇ ಇರಲಿ. ಎತ್ತರ ಬೇರೆಯಾಗಿ ಫೋರ್ ವ್ಹೀಲ್ ಡ್ರೈವ್ ಹಾಕಿದರೆ ಗಿಯರುಗಳು ಒಂದಕ್ಕೊಂದು ತಿಣುಕುತ್ತವೆ. ತೋಟದ ಗಾಡಿಯವರು ಸ್ಟೀಲ್ ರಿಮ್ಮನ್ನೇ ಉಳಿಸಿಕೊಂಡು, ತುಕ್ಕು ಕೆರೆಸಿ ಬಣ್ಣ ಹೊಡೆಸಿ, ಅಲಾಯ್‌ಗೆಂದು ಎತ್ತಿಟ್ಟ ಹಣವನ್ನು ಒಳ್ಳೆಯ ಟಯರಿಗೆ ಹಾಕಲಿ.