ನಿವೇಶನದ ನಕ್ಷೆಯಲ್ಲಿ ನೀರಿಗೂ ಒಂದು ಗೆರೆಯಿರಲಿ

ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ರಸ್ತೆಗಳಲ್ಲಿ ಸಂಚರಿಸುವವರಿಗೆ ‘ಎನ್.ಎ. ಪ್ಲಾಟುಗಳು ಮಾರಾಟಕ್ಕಿವೆ’ ಎಂಬ ಫಲಕ ಹೊಸದಲ್ಲ. ಕಬ್ಬು ಕಟಾವಾದ ಹೊಲದಲ್ಲಿ ಸುಣ್ಣದ ಗೆರೆ, ಮೂಲೆಗೊಂದು ಕಲ್ಲು, ನಡುವೆ ಗರಸು ಹಾಕಿದ ದಾರಿ. ಕೊಳ್ಳುವವರು ಬಹುಮಟ್ಟಿಗೆ ಶಿಕ್ಷಕರು, ಸಕ್ಕರೆ ಕಾರ್ಖಾನೆಯ ನೌಕರರು, ನಿವೃತ್ತ ಸೈನಿಕರು. ಅವರು ಕೇಳುವ ಪ್ರಶ್ನೆಗಳು ಮೂರು: ಎನ್.ಎ. ಆಗಿದೆಯೇ? ಉತಾರ ಸರಿಯಿದೆಯೇ? ಮುಖ್ಯ ರಸ್ತೆ ಎಷ್ಟು ದೂರ? 2019ರ ಆಗಸ್ಟಿನಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಈ ಸೀಮೆಯಲ್ಲಿ ಆ ಪ್ರಶ್ನೆಯೇ ಮೊದಲನೆಯದಾಗಬೇಕು. 51 ಟಿಎಂಸಿ ಅಡಿ ಸಾಮರ್ಥ್ಯದ ಹಿಡಕಲ್ ಜಲಾಶಯ ಹುಕ್ಕೇರಿ ತಾಲ್ಲೂಕಿನಲ್ಲಿದೆ. ಅಲ್ಲಿಂದ ಬಿಟ್ಟ ಘಟಪ್ರಭೆಯ ನೀರಿಗೆ ಸಂಕೇಶ್ವರದ ಮೇಲೆ ಹರಿದು ಬರುವ ಹಿರಣ್ಯಕೇಶಿ ಕೂಡುತ್ತದೆ; ಗೋಕಾಕದ ಬಳಿ ಮಾರ್ಕಂಡೇಯವೂ ಸೇರುತ್ತದೆ. ಮೂರೂ ಒಟ್ಟಿಗೆ ತುಂಬಿದ 2019ರಲ್ಲಿ ಗೋಕಾಕ ಪಟ್ಟಣದ ಗಲ್ಲಿಗಲ್ಲಿಗಳೇ ಮುಳುಗಿದವು. 2021ರ ಜುಲೈನಲ್ಲಿ ಮತ್ತೆ ನೆರೆ ಬಂತು. 2024ರ ಜುಲೈನಲ್ಲಿ ಲೋಳಸೂರು ಸೇತುವೆ ಪುನಃ ಜಲಾವೃತವಾಯಿತು. ಕೆಳಗೆ ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿಗಳ ಜನರಿಗೆ ಸೇತುವೆ ಮುಳುಗುವುದು ಮಳೆಗಾಲದ ಪರಿಚಿತ ಸಂಗತಿ.

ಗೋಕಾಕಕ್ಕೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ. ಸಮತಟ್ಟಾದ ನೆಲವೆಂದರೆ ಹೆಚ್ಚಾಗಿ ಹೊಳೆಯ ಬದಿಯ ಎರೆಭೂಮಿಯೇ. ಹೊಲವಾಗಿದ್ದಾಗ ನೆರೆ ಬಂದರೆ ಒಂದು ಹಂಗಾಮಿನ ಬೆಳೆ ಹೋಗುತ್ತಿತ್ತು. ಮನೆಯಾದ ಮೇಲೆ ಬಂದರೆ ಜೀವಮಾನದ ಗಳಿಕೆ ಹೋಗುತ್ತದೆ, ಬ್ಯಾಂಕಿನ ಸಾಲ ಮಾತ್ರ ಉಳಿಯುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ ಪ್ರಕಟಿಸಿದ ಪರಿಹಾರ 5 ಲಕ್ಷ ರೂಪಾಯಿ. ಅದರಲ್ಲಿ ಗೋಡೆ ಎದ್ದೀತು. ಮುಳುಗುವ ನೆಲ ಮೇಲೇಳದು.

‘ಎನ್.ಎ.’ ಎಂಬ ಎರಡಕ್ಷರವನ್ನು ನಮ್ಮ ಜನ ಸುರಕ್ಷತೆಯ ಮುದ್ರೆಯೆಂದು ಭಾವಿಸಿದ್ದಾರೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಆಗುವ ಭೂಪರಿವರ್ತನೆ, ಕೃಷಿಯ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಕೊಟ್ಟ ಅನುಮತಿ ಮಾತ್ರ. 2016ರ ರೇರಾ ಕಾಯ್ದೆಯಂತೆ ದೊಡ್ಡ ಬಡಾವಣೆಗಳು ನೋಂದಣಿಯಾಗಬೇಕು. ಅದರಿಂದ ಹಕ್ಕುಪತ್ರ, ನಕ್ಷೆ, ಅನುಮೋದನೆಗಳ ವಿವರ ಗ್ರಾಹಕನಿಗೆ ಸಿಗುತ್ತದೆ. ಆದರೆ ಆ ನಿವೇಶನ ಯಾವ ವರ್ಷ ಎಷ್ಟು ಅಡಿ ನೀರಿನಲ್ಲಿತ್ತು ಎಂಬುದನ್ನು ಖರೀದಿ ಪತ್ರವಾಗಲಿ ಉತಾರವಾಗಲಿ ಹೇಳುವುದಿಲ್ಲ. ಪರಿವರ್ತನೆಯೇ ಇಲ್ಲದೆ ಗುಂಟೆ ಲೆಕ್ಕದಲ್ಲಿ ಕೊಂಡು ಉತಾರದಲ್ಲಿ ಜಂಟಿಯಾಗಿ ಹೆಸರು ಸೇರಿಸಿಕೊಂಡವರ ಪಾಡು ಇನ್ನೂ ಕಷ್ಟ. ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಕೃಷಿಕರಲ್ಲದವರಿಗೂ ಹೊಲ ಕೊಳ್ಳುವ ದಾರಿ ತೆರೆಯಿತು. ದೂರದ ಊರಿನಿಂದ ಬಂದು ಕೊಳ್ಳುವವನಿಗೆ ಹೊಳೆಯ ಸ್ವಭಾವ ತಿಳಿದಿರುವುದಿಲ್ಲ.

ಪರಿಹಾರ ಕಠಿಣವಲ್ಲ. 2019ರ ನೀರಿನ ಮಟ್ಟವನ್ನು ಊರೂರಿನಲ್ಲಿ ಭೂಮಾಪನ ಇಲಾಖೆ ಗುರುತಿಸಿ ಕಲ್ಲು ನೆಡಲಿ. ಹೊಸ ಬಡಾವಣೆಯ ನಕ್ಷೆಯಲ್ಲಿ ಆ ಗೆರೆ ಕಡ್ಡಾಯವಾಗಿ ಕಾಣಲಿ. ಬಡಾವಣೆಗೆ ಹೇಗೂ ಉದ್ಯಾನ, ಬಯಲು ಜಾಗ ಬಿಡಬೇಕು. ಗೆರೆಯ ಕೆಳಗಿನ ನೆಲವನ್ನೇ ಮೊದಲು ಅದಕ್ಕೆ ಬಿಡಲಿ. ಇದರಿಂದ ಕೆಲವು ನಿವೇಶನಗಳ ಬೆಲೆ ಇಳಿಯುವುದು ನಿಜ. ಮಾರಿದವನ ಲಾಭವನ್ನು ಕಾಯಲು ಕೊಂಡವನನ್ನು ನೀರಿನಲ್ಲಿ ನಿಲ್ಲಿಸುವುದು ನ್ಯಾಯವೆನಿಸದು.

ಸರ್ಕಾರ ಎಚ್ಚರಗೊಳ್ಳುವವರೆಗೆ ಕೊಳ್ಳುವವರೇ ಎಚ್ಚರವಾಗಿರಬೇಕು. ಮುಂಗಡ ಕೊಡುವ ಮೊದಲು ನೆರೆಹೊಲದ ರೈತನನ್ನು ವಿಚಾರಿಸಿ, ಹಳೆಯ ಗೋಡೆಗಳ ಮೇಲಿನ ಕೆಸರಿನ ಕಲೆ ನೋಡಿ. ಬೇಸಿಗೆಯಲ್ಲಿ ನೋಡಿ ಮೆಚ್ಚಿದ ಜಾಗವನ್ನು ಶ್ರಾವಣದಲ್ಲಿ ಇನ್ನೊಮ್ಮೆ ನೋಡಿಯೇ ಕಾಗದಕ್ಕೆ ಸಹಿ ಹಾಕಿ.